ಆಟದ ಕೋಡಿನಲ್ಲಿ ತಪ್ಪು ಹುಡುಕಲು ಒಂದು ಪಟ್ಟಿ, ಒಂದು ಸ್ವಿಚ್

ಅಭ್ಯಾಸ ಬೋಧನೆಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರ 9ನೇ ತರಗತಿಗೆ ನಾನು ಮಾಡಿದ ಸ್ಕ್ರ್ಯಾಚ್ ಪಾಠವಿದು. ಮಕ್ಕಳು ರಂಗನತಿಟ್ಟಿನ ಹೆಜ್ಜಾರ್ಲೆ ಮೀನು ಹಿಡಿಯುವ ಆಟ ರಚಿಸಿದ್ದರು. ಒಂದು ಮೀನಿಗೆ ಒಂದೇ ಅಂಕ ಸಿಗಬೇಕು. ಆದರೆ ಒಮ್ಮೆ ಐದು, ಒಮ್ಮೆ ಆರು ಬರುತ್ತಿತ್ತು. "ಕಂಪ್ಯೂಟರೇ ಸರಿಯಿಲ್ಲ ಮಿಸ್, ಎಲ್ಲ ಅಳಿಸಿ ಮತ್ತೆ ಮಾಡ್ತೀವಿ" ಎಂದಿತು ಒಂದು ಗುಂಪು. ಅಳಿಸಿದರೆ ತಪ್ಪಿನ ಜೊತೆ ಅದರ ಕಾರಣವೂ ಕಳೆದುಹೋಗುತ್ತದೆ. ಆದ್ದರಿಂದ ಕಾರಣ ಹುಡುಕುವುದನ್ನೇ ಆ ದಿನದ ಕಲಿಕಾಂಶ ಮಾಡಿದೆ.

ಅನ್ವೇಷಣೆ

ಮಕ್ಕಳು ಕೋಡಿನ ಅಲ್ಲಲ್ಲಿ 'ಹೇಳು' ಬ್ಲಾಕ್ ಸೇರಿಸಿ ಅಂಕ ತೋರಿಸಿಕೊಂಡರು. ಮಾತಿನ ಗುಳ್ಳೆಯಲ್ಲಿ ಕೊನೆಯ ಬೆಲೆ ಮಾತ್ರ ಉಳಿಯುತ್ತದೆ, ನಡುವಿನವು ಕಾಣುವುದಿಲ್ಲ. '2 ಸೆಕೆಂಡು ಹೇಳು' ಬ್ಲಾಕ್ ಹಾಕಿದ ಗುಂಪಿನಲ್ಲಿ ತಪ್ಪೇ ಮಾಯವಾಯಿತು. ಬ್ಲಾಕ್ ತೆಗೆದೊಡನೆ ಮರಳಿತು. ಆ ಬ್ಲಾಕ್ ಅಂಕದ ಸ್ಕ್ರಿಪ್ಟನ್ನು 2 ಸೆಕೆಂಡು ತಡೆಯುತ್ತದೆ, ಅಷ್ಟರಲ್ಲಿ ಮೀನು ದಾಟಿಹೋಗಿರುತ್ತದೆ. ನೋಡಲು ಬಳಸಿದ ಉಪಾಯವೇ ಆಟದ ನಡೆಯನ್ನು ಬದಲಿಸಿತ್ತು.

ಸರಳೀಕರಣ

ಎಲ್ಲ 'ಹೇಳು'ಗಳನ್ನೂ ತೆಗೆಸಿ, 'ದಾಖಲಿಸು' ಎಂಬ ಒಂದೇ ಸ್ವಂತ ಬ್ಲಾಕ್ ಮಾಡಿಸಿದೆ. ಅದಕ್ಕೆ ಹೆಸರು, ಬೆಲೆ ಎಂಬ ಎರಡು ಇನ್‌ಪುಟ್. 'ತಪಾಸಣೆ' ಎಂಬ ಚರಾಕ್ಷರ 1 ಆಗಿದ್ದರೆ ಹೆಸರು, ಬೆಲೆ ಮತ್ತು ಟೈಮರಿನ ಸಮಯವನ್ನು ಕೂಡಿಸಿ ಪಟ್ಟಿಗೆ ಸೇರಿಸುತ್ತದೆ. 0 ಆಗಿದ್ದರೆ ಸುಮ್ಮನಿರುತ್ತದೆ. ಆಟ ಮುಗಿದ ಮೇಲೆ ಕೋಡನ್ನು ಒಂದೊಂದೇ ಕಡೆ ತಿದ್ದಬೇಕಿಲ್ಲ, ಸ್ವಿಚ್ ಆರಿಸಿದರೆ ಸಾಕು. ಗಮನಿಸಿ: ಸ್ವಂತ ಬ್ಲಾಕ್ ಆಯಾ ಸ್ಪ್ರೈಟಿಗೆ ಮಾತ್ರ ಸೇರಿದ್ದು. ಪಟ್ಟಿ ಮತ್ತು ಚರಾಕ್ಷರವನ್ನು 'ಎಲ್ಲ ಸ್ಪ್ರೈಟ್‌ಗಳಿಗೂ' ಎಂದು ರಚಿಸಬೇಕು.

ವಿವರಣೆ

ಪಟ್ಟಿಯಲ್ಲಿ ಅಂಕ 1, 2, 3 ಎಂದು ಸಾಲುಗಟ್ಟಿತು, ಸಮಯ 4.20, 4.23, 4.27. ವ್ಯತ್ಯಾಸ ಸುಮಾರು 1/30 ಸೆಕೆಂಡು ಎಂದು ಮಕ್ಕಳೇ ಲೆಕ್ಕಹಾಕಿದರು. ಸ್ಕ್ರ್ಯಾಚಿನ 'ಸದಾಕಾಲ' ಆವರ್ತನೆ ಇಂಥ ಆಟದಲ್ಲಿ ಸೆಕೆಂಡಿಗೆ ಸುಮಾರು 30 ಬಾರಿ ಸುತ್ತುತ್ತದೆ. ಮೀನು ಕೊಕ್ಕಿಗೆ 1/5 ಸೆಕೆಂಡು ತಾಗಿದ್ದರೆ 30 × 1/5 = 6 ಅಂಕ! ಕಂಪ್ಯೂಟರ್ ಹೇಳಿದ್ದನ್ನಷ್ಟೇ ಮಾಡಿತ್ತು. ಅಂಕ ಹೆಚ್ಚಿಸಿದ ಮೇಲೆ 'ಮುಟ್ಟುವುದು ನಿಲ್ಲುವವರೆಗೆ ಕಾಯು' ಎಂದು ಸೇರಿಸಿದಾಗ ಒಂದು ಮೀನಿಗೆ ಒಂದೇ ಅಂಕ ಬಂತು.

ಮೌಲ್ಯಮಾಪನ

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಶಾಲೆಗಳಿಗೆ ಹೋಗುವ ಸಹಪಾಠಿಗಳು ಈ ಪಾಠ ಬಳಸುವುದಾದರೆ, ಆಟ ಸರಿಹೋಯಿತೇ ಎಂಬುದಕ್ಕಷ್ಟೇ ಅಂಕ ಕೊಡಬೇಡಿ. "ಪಟ್ಟಿಯ ಯಾವ ಸಾಲು ನಿನಗೆ ಕಾರಣ ತೋರಿಸಿತು?" ಎಂದು ಕೇಳಿ. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಲ್ಲ ಮಗು ಮುಂದಿನ ತಪ್ಪಿಗೆ ಕೋಡನ್ನು ಅಳಿಸಲು ಹೊರಡುವುದಿಲ್ಲ.