ಕುಡಿತ ಬಿಟ್ಟ ಮೇಲೆ ಹತ್ತಿದ ಉರಿ

ಮೊಳಕಾಲ್ಮೂರಿನ ಕುಣಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವನಿಗೆ ಕೈಯಷ್ಟೇ ಕಾಲೂ ಬೇಕು. ಮೇಲೆ ಲಾಳಿ ಓಡುವಾಗ ಕೆಳಗೆ ಗುಂಡಿಯೊಳಗೆ ಕಾಲು ಹಲಗೆ ತುಳಿದು ಹಾಸಿನ ಎಳೆ ಬಿಡಿಸಿಕೊಡಬೇಕು. ನನ್ನ ಅಂಗಾಲಿಗೆ ಆ ಹಲಗೆಯ ಸ್ಪರ್ಶವೇ ತಿಳಿಯದಂತಾಗಿತ್ತು. ಹಗಲೆಲ್ಲ ಜೋಮು, ರಾತ್ರಿ ಉರಿ. ಕಂಬಳಿಯ ಅಂಚು ತಾಗಿದರೂ ಕೆಂಡ ಮುಟ್ಟಿದ ಹಾಗೆ. ಇದು ಜೋರಾದದ್ದು ನಾನು ಕುಡಿತ ಬಿಟ್ಟ ಮೇಲೆ. ಅಷ್ಟು ದಿನ ಹೆಂಡವೇ ನೋವನ್ನು ಮುಚ್ಚಿಟ್ಟಿತ್ತು. ಬಿಟ್ಟವನನ್ನು ಮತ್ತೆ ಅಂಗಡಿಯ ಕಡೆ ಎಳೆಯುವುದರಲ್ಲಿ ಆಸೆಗಿಂತ ಈ ರಾತ್ರಿಯ ಉರಿಯ ಕೈವಾಡ ದೊಡ್ಡದು. ಮನೆಯವರಿಗೆ ಇದು ಗೊತ್ತಿರಲಿ ಅಂತಲೇ ಬರೆಯುತ್ತಿದ್ದೇನೆ.

ಚಳ್ಳಕೆರೆಯಲ್ಲಿ ನನ್ನನ್ನು ನೋಡಿದ ಡಾಕ್ಟ್ರಮ್ಮ ಮೊದಲು ಸಕ್ಕರೆ ಕಾಯಿಲೆ ಇದೆಯೇ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಬಿಡಿಸಿ ಹೇಳಿದರು. ಮದ್ಯ ನೇರವಾಗಿ ನರಕ್ಕೆ ವಿಷ. ಅದರ ಜೊತೆಗೆ ಕುಡಿಯುವವನು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿರುವ ಬಿ-1 ವಿಟಮಿನ್ ಅನ್ನು ಕರುಳು ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಅತಿ ಉದ್ದದ ನರಗಳೇ ಮೊದಲು ಸೊರಗುವುದರಿಂದ ನೋವು ಪಾದದಿಂದ ಶುರು. ಶೇಂಗಾದಲ್ಲಿ ಬಿ-1 ಚೆನ್ನಾಗಿದೆ. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಸುತ್ತಲ ಹೊಲಗಳಲ್ಲಿ ಬೆಳೆಯುವುದೇ ಶೇಂಗಾ. ಅಂಥ ಸೀಮೆಯಲ್ಲಿದ್ದೂ ನಮ್ಮ ನರಗಳು ಉಪವಾಸ ಬಿದ್ದಿರುತ್ತವೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಕುಡಿದು ಸುಸ್ತಾದವನಿಗೆ ಗ್ಲೂಕೋಸ್ ಬಾಟಲಿ ಏರಿಸುವುದು ನಮ್ಮ ಹಳ್ಳಿಗಳ ರೂಢಿ. ಬಿ-1 ಬತ್ತಿಹೋದ ಮೈಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೇ ಪೆಟ್ಟು ಬೀಳಬಹುದು: ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ಗೊಂದಲವಾಗುತ್ತದೆ. 1881ರಲ್ಲೇ ವೆರ್ನಿಕೆ ಎಂಬ ಜರ್ಮನ್ ವೈದ್ಯ ಈ ಕಾಯಿಲೆಯನ್ನು ವಿವರಿಸಿದ್ದ. ಬಿ-1 ಸೂಜಿ ಕೊಟ್ಟೇ ಗ್ಲೂಕೋಸ್ ಹಾಕಿ ಎಂದು ಕೇಳುವ ಧೈರ್ಯ ಮನೆಯವರಿಗೆ ಬೇಕು.

ಹಾಗೆಯೇ, ದಿನವೂ ಕುಡಿಯುವವನು ಒಂದೇ ಏಟಿಗೆ ತಾನಾಗಿ ಬಿಡಬಾರದು. ಮಿಲ್ಲಿನಲ್ಲಿ ಮೂಟೆ ಹೊರುವ ನಮ್ಮ ಭಾವ ಹಟ ಹಿಡಿದು ಬಿಟ್ಟ ಎರಡನೇ ದಿನವೇ ಫಿಟ್ಸ್ ಬಂದು ಬಿದ್ದರು. ಕೈ ನಡುಗುವುದು, ಬೆವರು, ಇಲ್ಲದ್ದು ಕಾಣಿಸುವುದು ಶುರುವಾದರೆ ಆಸ್ಪತ್ರೆಯೇ ದಾರಿ.

ಇನ್ನು ಮಾತ್ರೆಗಳು. ನನಗೆ ಮೊದಲು ಕೊಟ್ಟದ್ದು ಅಮಿಟ್ರಿಪ್ಟಿಲಿನ್, ರಾತ್ರಿ ಒಂದು, 10 ಮಿ.ಗ್ರಾಂ. ಬಾಯಿ ಒಣಗುತ್ತಿತ್ತು, ಆದರೆ ಉರಿ ತಗ್ಗಿ ನಿದ್ದೆ ಹತ್ತಿತು. ಆಮೇಲೆ ಸಣ್ಣ ಪ್ರಮಾಣದಲ್ಲಿ ಪ್ರೆಗಬಾಲಿನ್ ಸೇರಿಸಿದರು. ಈ ಮಾತ್ರೆಯ ವಿಷಯದಲ್ಲಿ ಕುಡಿತ ಬಿಟ್ಟವರು ಎಚ್ಚರವಾಗಿರಬೇಕು. ಹೆಚ್ಚು ನುಂಗಿದರೆ ತಲೆ ತೇಲಿದ ಹಾಗಾಗುತ್ತದೆ, ಆ ತೇಲುವಿಕೆ ನಮಗೆ ತೀರಾ ಹಳೆಯ ಪರಿಚಯ. ಮದ್ಯದ ಜೊತೆ, ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರೇ ಕುಂದಬಹುದು. ದಿಢೀರನೆ ನಿಲ್ಲಿಸುವ ಹಾಗೂ ಇಲ್ಲ. ಅದಕ್ಕೇ ಮಾತ್ರೆ ಚೀಟಿ ನನ್ನ ಜೇಬಿನಲ್ಲಿ ಇರುವುದಿಲ್ಲ. ನಮ್ಮ ಮನೆಯಾಕೆ ರಾತ್ರಿ ಊಟದ ಮೇಲೆ ಎಣಿಸಿ ಕೈಗೆ ಕೊಡುತ್ತಾಳೆ. ಇದನ್ನು ನಾನೇ ಕೇಳಿಕೊಂಡೆ.

ಒಮ್ಮೆ ಮೆಡಿಕಲ್ ಶಾಪಿನಲ್ಲಿ ಉರಿ ಅಂದದ್ದಕ್ಕೆ, "ಅಣ್ಣ, ಇದು ತಗೊಳ್ಳಿ, ಜೋರು ಮಾತ್ರೆ" ಎಂದು ಟ್ರಮಡಾಲ್ ಮುಂದಿಟ್ಟರು. "ನಾನು ಕುಡಿಯುತ್ತಿದ್ದವನು, ಇದು ನನಗೆ ಆಗುತ್ತದಾ?" ಎಂದು ಕೇಳಿದೆ. ಅವರು ತೆಗೆದಿಟ್ಟುಬಿಟ್ಟರು. ಅದು ಅಫೀಮಿನ ಬಳಗದ್ದು, ಚಟ ಹಿಡಿಸುತ್ತದೆ, ಫಿಟ್ಸ್ ತರಿಸಬಹುದು. 2018ರಿಂದ ಮಾದಕ ವಸ್ತುಗಳ ಕಾಯ್ದೆಯಡಿ ಬಂದಿದೆ. ಕುಡಿತದ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ನುಂಗುತ್ತಿರುವವರಿಗಂತೂ ಅದು ನಾಟುವುದೂ ಇಲ್ಲ. ಆ ದಿನದಿಂದ ಯಾವ ಡಾಕ್ಟರ ಮುಂದೆ, ಯಾವ ಅಂಗಡಿಯಲ್ಲಿ ನಿಂತರೂ ನೋವು ಹೇಳುವ ಮೊದಲು ಕುಡಿತದ ಸಂಗತಿ ಹೇಳುತ್ತೇನೆ. ಪ್ಯಾರಸಿಟಮಾಲ್‌ಗೂ ಹೇಳುತ್ತೇನೆ, ಯಕೃತ್ತು ಬಳಲಿದವರಿಗೆ ಅದರ ಮಿತಿಯೇ ಬೇರೆ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದರೆ ಬರೆದುಕೊಡುವವರಿಗೆ ತಿಳಿಯುವುದಾದರೂ ಹೇಗೆ?

ಮನೆಯವರೂ ಅಷ್ಟೇ. ಕುಡಿತ ಬಿಡಿಸುವ ಪುಡಿ ಅಂತ ಗುಟ್ಟಾಗಿ ಸಾರಿಗೆ ಬೆರೆಸುವುದುಂಟು. ಅದರಲ್ಲಿ ಡೈಸಲ್ಫಿರಾಂ ಇದ್ದು, ತಿಳಿಯದೆ ಆತ ಕುಡಿದರೆ ಪ್ರಾಣಕ್ಕೇ ಕುತ್ತು. ಡಾಕ್ಟರೇ ಕೊಟ್ಟಿದ್ದರೂ ಅದು ಕೆಲವರಲ್ಲಿ ನರವನ್ನು ಇನ್ನಷ್ಟು ಕೆಡಿಸುತ್ತದೆ, ಹಾಗಾಗಿ ಜೋಮು ಹೆಚ್ಚಾದರೆ ತಕ್ಷಣ ತಿಳಿಸಬೇಕು. ಅರಿಷ್ಟ, ಆಸವಗಳಲ್ಲೂ ಮದ್ಯಾಂಶವಿರುತ್ತದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ 8 ದಿನದ ಮದ್ಯವರ್ಜನ ಶಿಬಿರಗಳಿಂದ ಬಂದವರಿಗೆ ಆಮೇಲೆ ನವಜೀವನ ಸಮಿತಿಯ ಆಸರೆ ಇರುತ್ತದೆ. ಅಲ್ಲಿ ಮನಸ್ಸಿನ ಮಾತಿನ ಜೊತೆ ಕಾಲಿನ ಮಾತೂ ಬರಲಿ ಎಂಬುದು ನನ್ನ ಕೋರಿಕೆ. ಸ್ಪರ್ಶ ತಿಳಿಯದ ಪಾದಕ್ಕೆ ಮುಳ್ಳು ಚುಚ್ಚಿದ್ದು, ಬೊಬ್ಬೆ ಎದ್ದದ್ದು ತಿಳಿಯುವುದಿಲ್ಲ. ನಾಯಕನಹಟ್ಟಿ ಜಾತ್ರೆಯ ಬಿಸಿಲಲ್ಲಿ ಹರಕೆಗೆಂದು ಬರಿಗಾಲಲ್ಲಿ ನಡೆಯುವವರು ನಮ್ಮಲ್ಲಿ ಬಹಳ. ನಾನೀಗ ಚಪ್ಪಲಿ ಹಾಕಿಕೊಂಡೇ ನಡೆದು ಗುಡಿಯ ಬಾಗಿಲಲ್ಲಿ ಬಿಡುತ್ತೇನೆ. ಮಲಗುವ ಮುಂಚೆ ಅಂಗಾಲನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತೇನೆ.

ಕತ್ತರಿಸಿದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಂತೆ. ಸೊರಗಿದ ನರದ್ದೂ ತಿಂಗಳು, ವರ್ಷಗಳ ಲೆಕ್ಕವೇ, ಅದೂ ಒಂದು ತೊಟ್ಟು ಮದ್ಯ ಸೋಕದಿದ್ದರೆ. ನನ್ನ ಎಡಗಾಲಿಗೆ ಈಗ ಹಲಗೆ ಸಿಗುತ್ತದೆ. ಬಲಗಾಲಿನ ಬೆರಳುಗಳು ಇನ್ನೂ ಮರಗಟ್ಟಿವೆ, ಮಾತ್ರೆ ನಡೆಯುತ್ತಿದೆ. ರಾತ್ರಿ ಉರಿ ತಡೆಯಲಾಗದೆ ಮನಸ್ಸು ಅಂಗಡಿಯ ಕಡೆ ಹೊರಟರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.