ಸೂರ್ಯನ ಕುದುರೆ ಮಿಡತೆಯಲ್ಲ: ಹೊಲದಲ್ಲಿ ಗುರುತಿಸುವುದು ಹೇಗೆ?

ಎರಡು ವರ್ಷದ ಹಿಂದೆ ನಿಂಬೆ ಗಿಡ ಸವರುವಾಗ ಕೊಂಬೆಗಳಿಗೆ ಅಂಟಿಕೊಂಡ ಕಂದು ಗಂಟುಗಳು ಕಂಡವು. ನೊರೆ ಒಣಗಿ ಗಟ್ಟಿಯಾದಂತಿದ್ದವು. ಯಾವುದೋ ರೋಗ ಅಂದ್ಕೊಂಡು ಆರಿಸಿ ಸುಟ್ಟುಬಿಟ್ಟೆ. ಅವು ಸೂರ್ಯನ ಕುದುರೆಯ ಮೊಟ್ಟೆಗೂಡು ಅಂತ ಆಮೇಲೆ ಗೊತ್ತಾಯ್ತು. ಕೀಟ ಹಿಡಿದು ತಿನ್ನಬೇಕಿದ್ದ ಮರಿಗಳು ಹುಟ್ಟುವ ಮೊದಲೇ ಬೂದಿಯಾಗಿದ್ದವು. ನೀವು ಹಾಗೆ ಮಾಡಬಾರದು ಅಂತ ಈ ವಾರ ಇದನ್ನು ಬರೀತಿದ್ದೀನಿ.

ಮೊದಲು ಮುಂಗಾಲು ನೋಡಿ

ಬಣ್ಣ ನೋಡಿ ಗುರುತಿಸಲು ಹೋದರೆ ಮೋಸ ಹೋಗ್ತೀವಿ. ಮಿಡತೆಗೆ ನೆಗೆಯಲು ದಪ್ಪ ಹಿಂಗಾಲು ಇರುತ್ತೆ; ಅದು ಎಲೆ ತಿನ್ನುತ್ತೆ. ಸೂರ್ಯನ ಕುದುರೆಗೆ ಮುಳ್ಳಿರುವ, ಕೈ ಮುಗಿದಂತೆ ಮಡಚಿದ ಮುಂಗಾಲು, ತ್ರಿಕೋನ ತಲೆ ಇರುತ್ತವೆ. ಅದು ಎಲೆ ಮುಟ್ಟಲ್ಲ. ವಿಜ್ಞಾನಿಗಳು ಇವನ್ನು ಮ್ಯಾಂಟೋಡಿಯಾ ಎಂಬ ಪ್ರತ್ಯೇಕ ಗಣಕ್ಕೆ ಸೇರಿಸಿದ್ದಾರೆ. ಇದರ ಹತ್ತಿರದ ನೆಂಟರು ಮಿಡತೆಗಳಲ್ಲ, ಜಿರಳೆ ಮತ್ತು ಗೆದ್ದಲು! ಜಗತ್ತಿನಲ್ಲಿ 2,400ಕ್ಕೂ ಹೆಚ್ಚು ಜಾತಿಗಳಿವೆ.

ನಮ್ಮ ಕಡೆ ಕಾಣುವವು

1. ಹೈರೊಡ್ಯುಲಾ: ಬೆರಳುದ್ದದ ದೊಡ್ಡ ಕೀಟ, ಹೆಚ್ಚಾಗಿ ಹಸಿರು. ಗಿಡ, ಪೊದೆಗಳಲ್ಲಿ ಇರುತ್ತೆ.

2. ಹಂಬರ್ಟಿಯೆಲ್ಲಾ: ಬೂದು ಬಣ್ಣ, ಚಪ್ಪಟೆ ಮೈ. ಮರದ ತೊಗಟೆ ಮೇಲೆ ಕೂತರೆ ಕಾಣೋದೇ ಇಲ್ಲ.

3. ಕ್ರಿಯೊಬ್ರೋಟರ್: ಹೂವಿನ ಹತ್ತಿರ ಹೊಂಚು ಹಾಕುವ ಚಿಕ್ಕ ಕೀಟ. ರೆಕ್ಕೆಯ ಮೇಲೆ ಕಣ್ಣಿನಂಥ ಮಚ್ಚೆ ಇರುತ್ತೆ.

4. ಗಾಂಗೈಲಸ್: ಪಿಟೀಲಿನ ಆಕಾರ, ಸಪೂರ ಕುತ್ತಿಗೆ, ಕಾಲಿಗೆ ಒಣ ಎಲೆ ಅಂಟಿಸಿದಂತೆ. ದಕ್ಷಿಣ ಭಾರತ, ಶ್ರೀಲಂಕಾದ ಕೀಟ. 1758ರಲ್ಲೇ ಲಿನೇಯಸ್ ಇದಕ್ಕೆ ಹೆಸರಿಟ್ಟಿದ್ದ.

ಹೂವಿನ ವೇಷ

ವಾಟ್ಸಾಪ್‌ನಲ್ಲಿ ಓಡಾಡುವ ಗುಲಾಬಿ ಬಣ್ಣದ ಕೀಟ ಆರ್ಕಿಡ್ ಸೂರ್ಯನ ಕುದುರೆ. ಅದರ ಕಾಲುಗಳು ಹೂದಳದಂತಿವೆ. ಅದು ಆಗ್ನೇಯ ಏಷ್ಯಾದ ಮಳೆಕಾಡಿನದು, ನಮ್ಮ ಹೊಲದ್ದಲ್ಲ. ಅದು ಹೂವಿನಲ್ಲಿ ಅಡಗುವುದಷ್ಟೇ ಅಲ್ಲ, ತಾನೇ ಹೂವಿನಂತೆ ಕೀಟಗಳನ್ನು ಸೆಳೆಯುತ್ತೆ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕ್ರಿಯೊಬ್ರೋಟರ್ ಇದರ ಕುಟುಂಬದ್ದೇ. ಗಾಂಗೈಲಸ್ ಎದೆಯ ಅಡಿಭಾಗವೂ ಹೂವಿನಂತೆ ಕಂಡರೂ ಅದರ ಕುಟುಂಬ ಬೇರೆ. ವೇಷ ಒಂದೇ ಆದ ಮಾತ್ರಕ್ಕೆ ಕುಲ ಒಂದೇ ಅಲ್ಲ.

ಏನು ಮಾಡಬೇಕು?

• ಸವರಿದ ಕೊಂಬೆ ಸುಡುವ ಮೊದಲು ಒಮ್ಮೆ ನೋಡಿ. ಮೊಟ್ಟೆಗೂಡಿದ್ದರೆ ಆ ತುಂಡನ್ನು ಬೇರೆ ಗಿಡಕ್ಕೆ ಕಟ್ಟಿ.

• ರೆಕ್ಕೆಯಿಲ್ಲದ ಪುಟ್ಟ ಮರಿಗಳಿಗೂ ಮಡಚಿದ ಮುಂಗಾಲು ಇರುತ್ತೆ. ಅವು ಕಂಡ ಕಡೆ ಅಗತ್ಯವಿಲ್ಲದೆ ಔಷಧಿ ಹೊಡೀಬೇಡಿ.

• ಇದೊಂದರಿಂದಲೇ ಕೀಟಬಾಧೆ ಹೋಗುತ್ತೆ ಅಂತ ನಂಬಿ ಕೂರಬೇಡಿ. ಸಿಕ್ಕಿದ್ದನ್ನೆಲ್ಲ ಹಿಡಿಯುವ ಕೀಟ ಇದು. ಮರಿಹುಳು, ನೊಣದ ಜೊತೆ ಜೇನುಹುಳವನ್ನೂ ತಿನ್ನುತ್ತೆ.

• ಗುರುತು ಸಿಗದಿದ್ದರೆ ಮುಂಗಾಲು ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.

ಈ ವರ್ಷ ನನ್ನ ನಿಂಬೆ ಗಿಡಗಳಲ್ಲಿ ಮೂರು ಮೊಟ್ಟೆಗೂಡು ಇವೆ. ಒಂದನ್ನೂ ಮುಟ್ಟಿಲ್ಲ.