ಅನಾಥ ಮಕ್ಕಳೂ ದೂರದೇಶದ ಸೇವಕರೂ

ಪರದೇಶಗಳ ತರುಣ ತರುಣಿಯರು ವಿದ್ಯಾಭ್ಯಾಸ ಮುಗಿಸಿ ಉದ್ಯೋಗಕ್ಕೆ ಸೇರುವ ಮೊದಲು, ಇನ್ನೊಂದು ದೇಶದ ಅನಾಥಾಲಯದಲ್ಲಿ ಕೆಲವು ವಾರ ಸೇವೆ ಮಾಡಿ ಬರುವ ರೂಢಿಯೊಂದುಂಟು. ಕ್ರೈಸ್ತ ಸಂಸ್ಥೆಗಳು ನಡೆಯಿಸುವ ಅನಾಥಾಲಯಗಳಿಗೆ ಹೀಗೆ ಹೋಗುವವರು ಬಹು ಮಂದಿ. ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಬಾಗಿಲು ದಾಟಿದೊಡನೆ ಮಕ್ಕಳು ಓಡಿಬಂದು ತಬ್ಬಿಕೊಂಡರು, ಮೂರೇ ದಿನಗಳಲ್ಲಿ ತಮ್ಮವರಾದರು, ಹೊರಡುವಾಗ ಅತ್ತರು. ಈ ಸ್ನೇಹ ಸುಳ್ಳಲ್ಲ. ಆದರೆ ಹೆಸರು ಸಹ ತಿಳಿಯದವರನ್ನು ಓಡಿಬಂದು ತಬ್ಬುವ ಮಗು ಕೇಳುತ್ತಿರುವುದಾದರೂ ಏನು?

ನಮ್ಮ ಮನೆಗಳ ಕೂಸುಗಳನ್ನು ನೋಡಿರಿ. ಹೊಸಬರು ಅಂಗಳಕ್ಕೆ ಬಂದರೆ ಕೂಸು ಅವ್ವನ ಸೆರಗಿನ ಹಿಂದೆ ಅಡಗುತ್ತದೆ, ಇಣಿಕಿ ನೋಡುತ್ತದೆ, ಅವ್ವ ನಕ್ಕು ಮಾತನಾಡಿದ ಮೇಲೆಯೇ ಮೆಲ್ಲನೆ ಹೊರಗೆ ಬರುತ್ತದೆ. ಇದು ಕೂಸಿನ ಹೇಡಿತನವಲ್ಲ. ತನ್ನವರಾರು, ಹೆರವರಾರು ಎಂಬುದನ್ನು ಅದು ಅರಿತಿದೆ ಎಂಬುದರ ಗುರುತು. ಲಂಡನ್ ನಗರದ ಶಿಶುಮಂದಿರಗಳಲ್ಲಿ ಬೆಳೆದ ಮಕ್ಕಳನ್ನು 1970ರ ದಶಕದಲ್ಲಿ ಬಾರ್ಬರಾ ಟಿಜಾರ್ಡ್ ಎಂಬ ಮನಶ್ಶಾಸ್ತ್ರಜ್ಞೆ ಅಭ್ಯಸಿಸಿದರು. ಅಲ್ಲಿ ಅನ್ನ, ಬಟ್ಟೆ, ಆಟಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಮಗುವಿಗೆ ನಾಲ್ಕು ವರ್ಷ ದಾಟುವಷ್ಟರಲ್ಲಿ ಅದನ್ನು ನೋಡಿಕೊಂಡವರ ಸಂಖ್ಯೆ ಸರಾಸರಿ 50ರಷ್ಟಾಗುತ್ತಿತ್ತು. ಇಂಥ ಮಕ್ಕಳಲ್ಲಿ ಅನೇಕರು ಯಾರು ಬಂದರೂ ಓಡಿಹೋಗಿ ಅಂಟಿಕೊಳ್ಳುತ್ತಿದ್ದರು. ಅದಕ್ಕೂ ಮೊದಲು, 1951ರಲ್ಲಿ, ಜಾನ್ ಬೌಲ್ಬಿ ಎಂಬವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯಂಥ ಒಬ್ಬರ ಎಡೆಬಿಡದ ಸಂಬಂಧವು ಅನ್ನದಷ್ಟೇ ಅವಶ್ಯವೆಂದು ತೋರಿಸಿದ್ದರು. ಆದುದರಿಂದ ಆ ಅಪ್ಪುಗೆಯನ್ನು ಕಂಡು ಸೇವಕನು ಹಿಗ್ಗುವುದಕ್ಕಿಂತ, ತನಗಿಂತ ಮೊದಲು ಎಷ್ಟು ಜನ ಬಂದು ಹೋಗಿರಬಹುದೆಂದು ಎಣಿಸಿ ನೋಡುವುದು ಮೇಲೆಂದು ನಮಗೆ ತೋರುತ್ತದೆ.

ದೂರದೇಶದಿಂದ ಬಂದು ಹಿಂದಿರುಗದೆ ಉಳಿದವರೂ ಇದ್ದಾರೆ. ಐರ್ಲೆಂಡಿನ ಆಮಿ ಕಾರ್ಮೈಕೇಲ್ 1895ರಲ್ಲಿ ಮೊದಲು ನಮ್ಮ ಬೆಂಗಳೂರಿಗೇ ಬಂದರು. ಅಲ್ಲಿಂದ ತಿರುನೆಲ್ವೇಲಿ ಸೀಮೆಗೆ ಹೋಗಿ ತಮಿಳು ಕಲಿತರು. 1901ರಲ್ಲಿ, ದೇವಾಲಯಕ್ಕೆ ಒಪ್ಪಿಸಲ್ಪಟ್ಟಿದ್ದ ಏಳು ವರ್ಷದ ಬಾಲಕಿಯೊಬ್ಬಳು ತಪ್ಪಿಸಿಕೊಂಡು ಅವರಲ್ಲಿಗೆ ಬಂದಳು. (ಮುತ್ತು ಕಟ್ಟುವ ಪದ್ಧತಿಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಅಲ್ಲಿಂದ ಮುಂದೆ ಡೋನಾವೂರು ಎಂಬ ಹಳ್ಳಿಯಲ್ಲಿ ಮಕ್ಕಳ ಮನೆ ಬೆಳೆಯಿತು. ಮಕ್ಕಳು ಆಮಿಯವರನ್ನು ಅಮ್ಮಾ ಎಂದರು. ಪರದೇಶದಿಂದ ಬಂದ ಇತರ ಹೆಂಗಸರನ್ನು ಚಿಕ್ಕಮ್ಮ ಎಂಬರ್ಥದ ತಮಿಳು ಮಾತಿನಿಂದ ಕರೆದರು. ಸಾಕುವ ಹಿರಿಯ ಹುಡುಗಿಯರು ಅಕ್ಕಂದಿರಾದರು. ಆ ಮನೆಯ ಒಂದು ವಾಡಿಕೆ ನಮಗೆ ಬಹಳ ಹಿಡಿಸಿದೆ. ಮಗು ಹುಟ್ಟಿದ ದಿನಕ್ಕೆ ಬದಲಾಗಿ ಅದು ಮನೆಗೆ ಬಂದ ದಿನವನ್ನು ಅಲ್ಲಿ ಹಬ್ಬವಾಗಿ ಆಚರಿಸುತ್ತಿದ್ದರು. 1931ರಲ್ಲಿ ಬಿದ್ದು ಪೆಟ್ಟಾದ ಬಳಿಕ ಆಮಿಯವರು ಇಪ್ಪತ್ತು ವರ್ಷಗಳ ಕಾಲ ಹೆಚ್ಚಾಗಿ ತಮ್ಮ ಕೋಣೆಯಲ್ಲಿಯೇ ಇರಬೇಕಾಯಿತು. 1951ರಲ್ಲಿ ಅಲ್ಲಿಯೇ ತೀರಿಕೊಂಡರು. ಒಮ್ಮೆಯೂ ಸ್ವದೇಶಕ್ಕೆ ಮರಳಲಿಲ್ಲ. ತಮಗೆ ಗೋರಿಕಲ್ಲು ಬೇಡವೆಂದಿದ್ದರು. ಮಕ್ಕಳು ಹಕ್ಕಿಗಳು ನೀರು ಕುಡಿಯುವ ಕಲ್ಲಿನ ಬೋಗುಣಿಯೊಂದನ್ನಿಟ್ಟು, ತಾಯಿ ಎಂಬರ್ಥದ ಒಂದೇ ಪದವನ್ನು ಅದರ ಮೇಲೆ ಕೆತ್ತಿಸಿದರು.

ನಮಗೆ ಇನ್ನೂ ಹತ್ತಿರದವರು ಪಂಡಿತಾ ರಮಾಬಾಯಿಯವರು. ಅವರು 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಅಡವಿಯಲ್ಲಿ, ಅಂದರೆ ಇಂದಿನ ಕರ್ನಾಟಕದಲ್ಲಿ. ಹರೆಯದಲ್ಲಿಯೇ ಬರಗಾಲದಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳೆದುಕೊಂಡು, ಅಣ್ಣನೊಡನೆ ದೇಶವೆಲ್ಲ ನಡೆದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಸದನವು ಪುಣೆಗೆ ಬಂದ ಮೇಲೆ, 1893ರಲ್ಲಿ, ಮತಾಂತರದ ಸಂಬಂಧವಾಗಿ ದೊಡ್ಡ ವಾದವೆದ್ದು, ರಾನಡೆ ಮತ್ತು ಭಾಂಡಾರಕರರು ಸಲಹಾಮಂಡಲವನ್ನು ಬಿಟ್ಟರು. ಆ ವಾದದಲ್ಲಿ ಎರಡು ಕಡೆಗೂ ಹೇಳತಕ್ಕ ಮಾತುಗಳಿದ್ದವು. ಆದರೆ 1896-97ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿದ ಹುಡುಗಿಯರನ್ನು ನೂರುಗಟ್ಟಲೆ ಕರೆತಂದವರು ಅವರೇ. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುದಾರಿಯ ಕೇಡಗಾವದಲ್ಲಿ ಅವರ ಮುಕ್ತಿ ಸದನವು ನೆಲೆಗೊಂಡಿತು. ಅಮೇರಿಕೆಯ ಮಿನ್ನಿ ಅಬ್ರಾಮ್ಸ್ ಮೊದಲಾದವರು ಅಲ್ಲಿಗೆ ಬಂದು ವರ್ಷಗಟ್ಟಲೆ ನಿಂತು ಕೆಲಸ ಮಾಡಿದರು. ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿಯ ಮುಖವು ಹೇಗಿರುತ್ತದೆಂಬುದನ್ನು ರಮಾಬಾಯಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಈ ವಿಷಯದಲ್ಲಿ ಲೋಕದ ದೃಷ್ಟಿ ಬದಲಾಗಿದೆ. ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಅನೇಕರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಬಡತನ. ಬಂದುಹೋಗುವ ಸೇವಕರ ದುಡ್ಡಿಗಾಗಿ ಮಕ್ಕಳನ್ನು ಕೂಡಿಹಾಕುವ ದುಷ್ಟರೂ ಕೆಲವು ದೇಶಗಳಲ್ಲಿ ಹುಟ್ಟಿಕೊಂಡರು. 2019ರ ದಶಂಬರದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದ ಗೊತ್ತುವಳಿಯು, ಅನಾಥಾಲಯಗಳಲ್ಲಿ ನಡೆಯುವ ಇಂಥ ಸ್ವಯಂಸೇವೆಯಿಂದ ಮಕ್ಕಳಿಗಾಗುವ ಕೇಡನ್ನು ಎತ್ತಿ ಹೇಳಿತು. ದೂರದಿಂದ ಬರುವವರು ಬೇಡವೆಂದಲ್ಲ. ಬಾವಿ ತೋಡಿಸಲಿ, ಅಡಿಗೆಮನೆ ಕಟ್ಟಿಸಲಿ, ಮಕ್ಕಳನ್ನು ದಿನವೂ ಸಾಕುವ ಅಕ್ಕಂದಿರಿಗೆ ತಮ್ಮ ವಿದ್ಯೆಯನ್ನು ಕಲಿಸಲಿ. ಮಗುವಿನ ಮಡಿಲನ್ನು ಮಾತ್ರ ಉಳಿಯುವವರಿಗೆ ಬಿಡಲಿ.

ಅಸಂಗಿಯವರಿಗೆ ಇದೆಲ್ಲ ಏಕೆಂದು ಪಾಲಕರು ಕೇಳಬಹುದು. ಒಂದು ವರ್ಷ ನಮ್ಮ ಎರಡನೆಯ ತರಗತಿಗೆ ಮೂವರು ಗುರುಗಳು ಬದಲಾದರು. ಮೂರನೆಯವರು ಬಂದ ದಿನ ಒಬ್ಬ ಹುಡುಗಿ ನಮ್ಮ ಕೋಣೆಗೆ ಬಂದು, “ಸರ್, ಇವರು ಯಾವಾಗ ಹೋಗತಾರ್ರೀ?” ಎಂದು ಕೇಳಿದಳು. ನಾವು ನಕ್ಕುಬಿಟ್ಟೆವು. ನಗಬಾರದಿತ್ತು. ಆ ಹುಡುಗಿಯ ತಂದೆತಾಯಿಗಳು ಆಗ ಕಬ್ಬು ಕಡಿಯಲು ಹೋಗಿದ್ದರು. ಅವಳು ಅಜ್ಜಿಯ ಹತ್ತಿರ ಇದ್ದಳು.

ಕಬ್ಬಿನ ಹಂಗಾಮಿಗೆ ಹೊರಡುವ ಪಾಲಕರಲ್ಲಿ ನಮ್ಮದೊಂದು ವಿನಂತಿ. ಅಳುತ್ತದೆಂದು ಹೆದರಿ, ಮಗು ಮಲಗಿರುವಾಗ ಕದ್ದು ಹೊರಡಬೇಡಿರಿ. ಎಚ್ಚರಿರುವಾಗಲೇ, ಎಲ್ಲಿಗೆ ಹೋಗುತ್ತೇವೆ, ಯಾವ ಹಬ್ಬದ ಹೊತ್ತಿಗೆ ತಿರುಗಿ ಬರುತ್ತೇವೆ ಎಂದು ಹೇಳಿರಿ, ಅತ್ತರೆ ಅಳಲಿ. ಫೋನು ಮಾಡುವ ದಿನವನ್ನು ಗೊತ್ತುಮಾಡಿ, ಆ ದಿನ ತಪ್ಪದೆ ಮಾಡಿರಿ. ಮಗುವನ್ನು ಯಾರ ವಶಕ್ಕೆ ಬಿಟ್ಟಿದ್ದೀರೆಂಬುದನ್ನು ನಮಗೂ ತಿಳಿಸಿ ಹೋಗಿರಿ. ಅಜ್ಜಿಗೆ ಶಾಲೆಯವರೆಗೆ ನಡೆಯಲಾಗದಿದ್ದರೆ ನಾವೇ ಅವರ ಮನೆಗೆ ಬರುತ್ತೇವೆ.